ಕೈ ಹಿಡಿದು ನೋಡುವುದು

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?’ ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಇಪ್ಪತ್ತೈದು ವರ್ಷ ವಿವರಿಸಿದ್ದೇನೆ. ಕಣ್ಣೆದುರಿಗೇ ಇರುವುದಕ್ಕೆ ಬೇರೆ ಸಾಕ್ಷಿ ಬೇಡ ಎಂಬುದು ಅದರ ಅರ್ಥ. ಇಷ್ಟು ಹೇಳಿ ಮುಂದಿನ ಗಾದೆಗೆ ಹೋಗುತ್ತಿದ್ದೆ. ಹುಣ್ಣು ನನ್ನ ಅಂಗೈಯಲ್ಲಿದ್ದರೆ ಕನ್ನಡಿ ಬೇಡ, ನಿಜ. ಅದು ಇನ್ನೊಬ್ಬರ ಅಂಗೈಯಲ್ಲಿದ್ದರೆ? ಈ ಪ್ರಶ್ನೆಯನ್ನು ಯಾವ ಹುಡುಗನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆಯಬೇಕಾದರೆ ನಾನೊಮ್ಮೆ ಜಾರಿ ಬೀಳಬೇಕಾಯಿತು.

ಎರಡು ವರ್ಷದ ಹಿಂದಿನ ಮಾತು. ಆಷಾಢದ ಜಡಿಮಳೆ. ಮಾರುಕಟ್ಟೆಯ ಮೆಟ್ಟಿಲ ಮೇಲೆ ಕಾಲು ಜಾರಿತು. ಬೀಳುವ ಮನುಷ್ಯ ಯೋಚಿಸಿ ಬೀಳುವುದಿಲ್ಲ. ಅಂಗೈ ತಾನಾಗಿಯೇ ಮುಂದಕ್ಕೆ ಚಾಚಿಕೊಂಡು, ತಲೆಗೆ ಬೀಳಬೇಕಾದ ಪೆಟ್ಟನ್ನು ತಾನು ತೆಗೆದುಕೊಳ್ಳುತ್ತದೆ. ನನ್ನ ಬಲಗೈಯೂ ಹಾಗೆಯೇ ಮಾಡಿತು. ಎದ್ದು ನಿಂತವನು, ಬಿದ್ದವರೆಲ್ಲರೂ ಮಾಡುವಂತೆ, ಮೊದಲು ಯಾರಾದರೂ ನೋಡಿದರೇ ಎಂದು ಸುತ್ತಲೂ ಕಣ್ಣಾಡಿಸಿದೆ. ಆಮೇಲೆ ಉರುಳಿಹೋದ ಬದನೆಕಾಯಿಗಳನ್ನು ಎಡಗೈಯಲ್ಲಿ ಆಯ್ದುಕೊಂಡು ಮನೆಗೆ ಬಂದೆ. ಸಂಜೆಯ ಹೊತ್ತಿಗೆ ಮಣಿಕಟ್ಟು ಊದಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ತರುಣ ವೈದ್ಯರು ಪರದೆಯ ಮೇಲಿನ ಚಿತ್ರವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. “ಮೂಳೆಗೆ ಏನೂ ಆಗಿಲ್ಲ ಸಾರ್, ಉಳುಕು ಅಷ್ಟೆ. ಒಂದು ವಾರದಲ್ಲಿ ಸರಿಹೋಗುತ್ತೆ” ಎಂದು ಗುಳಿಗೆ ಬರೆದುಕೊಟ್ಟರು. ಕೈಯನ್ನು ಮಾತ್ರ ನೋಡಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಬಾಗಿಲ ಹೊರಗೆ ನಲವತ್ತು ಜನ ಕಾದಿದ್ದರು. ಚಿತ್ರದಲ್ಲಿ ಮುರಿತ ಇರಲಿಲ್ಲ ಎಂಬುದೂ ನಿಜ. ಉಳುಕು ಎಂದು ಕೇಳಿ ನಾನೇ ಸಂತೋಷದಿಂದ ಮನೆಗೆ ಬಂದೆ.

ಆದರೆ ನೋವು ಹೋಗಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಬೀಗದಲ್ಲಿ ಕೀಲಿ ತಿರುಗಿಸಲಾಗದು, ತುಂಬಿದ ಚೊಂಬನ್ನು ಎತ್ತಲಾಗದು, ಬೋರ್ಡಿನ ಮೇಲೆ ಮೂರು ಸಾಲು ಬರೆದರೆ ಹೆಬ್ಬೆರಳಿನ ಬುಡದಲ್ಲಿ ಸೂಜಿ ಚುಚ್ಚಿದಂತಾಗುವುದು. ಸಹೋದ್ಯೋಗಿಗಳು, “ಎಕ್ಸ್‌ರೇಲಿ ಏನೂ ಇಲ್ಲವಂತಲ್ಲ!” ಎನ್ನುವರು. ಅವರ ದನಿಯಲ್ಲಿ ಸಮಾಧಾನ ಎಷ್ಟಿತ್ತೋ ಅಷ್ಟೇ ನಗುವೂ ಇತ್ತು. ಕೊನೆಕೊನೆಗೆ ನನಗೇ ನನ್ನ ನೋವಿನ ಮೇಲೆ ಸಂಶಯ ಬಂತು. ನಿಜವಾಗಿ ನೋಯುತ್ತಿದೆಯೋ, ಅಥವಾ ನಾನು ಸೋಮಾರಿಯಾಗಿ ಅದನ್ನು ಸಾಕಿಕೊಂಡಿದ್ದೇನೋ? ನೋವಿಗಿಂತ ಆ ಸಂಶಯವೇ ಹೆಚ್ಚು ಹಿಂಸೆ ಕೊಟ್ಟಿತು.

ನಂಬಿದವರು ಒಬ್ಬರೇ, ನನ್ನ ಹೆಂಡತಿ. ಎಕ್ಸ್‌ರೇ ಏನು ಹೇಳಿತೆಂದು ಆಕೆ ಕೇಳಲೂ ಇಲ್ಲ. ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟಳು, ಅನ್ನ ಕಲಸಿ ಕೊಟ್ಟಳು, ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕಿದಳು. ಗುಂಡಿ ಹಾಕುವುದಕ್ಕೆ ಆಕೆಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಕಾಲೇಜಿಗೆ ಹೊತ್ತಾಯಿತೆಂದು ನಾನು ಒಂದೆರಡು ಸಲ ರೇಗಿದೆ. ಆಕೆ ಏನೂ ಹೇಳಲಿಲ್ಲ. ಈ ಗುಂಡಿಯ ಮಾತು ನೆನಪಿನಲ್ಲಿರಲಿ, ಮುಂದೆ ಬರುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬ ವೈದ್ಯರಿದ್ದಾರೆ. ಎಪ್ಪತ್ತು ದಾಟಿದವರು, ನಿವೃತ್ತರು. ಮೂರನೆಯ ವಾರದಲ್ಲಿ ಒಂದು ಸಂಜೆ, ತೆಗೆದುಕೊಂಡು ಹೋಗಿದ್ದ ಪುಸ್ತಕವನ್ನು ಹಿಂದಿರುಗಿಸಲು ಬಂದರು. ನಾನು ಎಡಗೈ ನೀಡಿದ್ದನ್ನು ಕಂಡು, “ಏನು ಮೇಷ್ಟ್ರೇ, ಬಲಗೈಗೆ ರಜವೋ?” ಎಂದರು. ಹೇಳಿದೆ. “ಕೂತುಕೊಳ್ಳಿ” ಎಂದು ಎದುರಿಗೆ ಕುರ್ಚಿ ಎಳೆದುಕೊಂಡರು. ಒಂದು ದಿಂಬು ತರಿಸಿ ಮೇಜಿನ ಮೇಲಿಟ್ಟು, ನನ್ನ ಎರಡು ಕೈಗಳನ್ನೂ ಅದರ ಮೇಲೆ ಇರಿಸಿದರು.

ಮೊದಲು ಅವರು ಮುಟ್ಟಲೇ ಇಲ್ಲ, ಬರಿದೇ ನೋಡಿದರು. ಹಸ್ತದ ಹಿಂಭಾಗ, ಅಂಗೈ, ಉಗುರು. ಎಡಕ್ಕೂ ಬಲಕ್ಕೂ ಏನು ವ್ಯತ್ಯಾಸ. ಮುಷ್ಟಿ ಕಟ್ಟಿಸಿದರು, ಬಿಡಿಸಿದರು. ಆಮೇಲೆ ಮುಟ್ಟಿದರು, ಅದೂ ಸರಿಯಾಗಿರುವ ಎಡಗೈಯನ್ನು. “ಕೈ ಇದಲ್ಲ ಡಾಕ್ಟರೇ” ಎಂದೆ. “ಗೊತ್ತು. ನಿಮ್ಮ ಕೈ ಸರಿಯಾಗಿದ್ದರೆ ಹೇಗಿರುತ್ತೆ ಅಂತ ಇದೇ ತಾನೆ ಹೇಳಬೇಕು? ನೋಯೋ ಜಾಗವನ್ನು ಕೊನೆಗೆ ಮುಟ್ಟಬೇಕು. ಮೊದಲೇ ಅಲ್ಲಿ ಅದುಮಿದರೆ ಕೈ ಆಮೇಲೆ ನಮ್ಮನ್ನು ನಂಬೋದಿಲ್ಲ” ಎಂದರು. ಬಲಗೈಯನ್ನು ಒಂದೊಂದೇ ಅಂಗುಲ ತಡವುತ್ತ ಬಂದರು. ವಿಚಿತ್ರವೆಂದರೆ, ಬೆರಳು ಕೈಯ ಮೇಲಿದ್ದರೂ ಅವರ ಕಣ್ಣು ನನ್ನ ಮುಖದ ಮೇಲಿತ್ತು. “ಹೆಬ್ಬೆರಳನ್ನು ಹಿಂದಕ್ಕೆ ಚಾಚಿ” ಎಂದರು. ಚಾಚಿದಾಗ ಅದರ ಬುಡದಲ್ಲಿ, ಎರಡು ಹುರಿಗಳ ನಡುವೆ ಒಂದು ಸಣ್ಣ ಕುಳಿ ಬೀಳುತ್ತದೆ. ನನ್ನ ತಾತ ಆ ಕುಳಿಯಲ್ಲಿ ನಶ್ಯ ಹಾಕಿಕೊಂಡು ಮೂಗಿಗೇರಿಸುತ್ತಿದ್ದುದು ನೆನಪಿದೆ. ವೈದ್ಯಶಾಸ್ತ್ರವೂ ಅದನ್ನು ನಶ್ಯದ ಡಬ್ಬಿಯೆಂದೇ ಕರೆಯುತ್ತದಂತೆ. ಅಲ್ಲಿ ತಮ್ಮ ತೋರುಬೆರಳಿನಿಂದ ಮೆಲ್ಲಗೆ ಒತ್ತಿದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

“ಕೂತುಕೊಳ್ಳಿ. ಮುರಿದಿದೆ” ಎಂದರು.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಒಂದು ಕೈಗೆ ಒಟ್ಟು 27. ಆ ಎಂಟರಲ್ಲಿ ದೋಣಿಯ ಆಕಾರದ್ದೊಂದು, ನಶ್ಯದ ಕುಳಿಯ ತಳದಲ್ಲಿ ಕೂತಿರುತ್ತದೆ. ಸ್ಕ್ಯಾಫಾಯ್ಡ್ ಎಂಬ ಅದರ ಹೆಸರೇ ಗ್ರೀಕರ ದೋಣಿಯಿಂದ ಬಂದದ್ದು. ಅದು ಮುರಿದಾಗ ಬಿರುಕು ಕೂದಲೆಳೆಯಷ್ಟಿದ್ದರೆ ಮೊದಲ ಹತ್ತು ಹದಿನೈದು ದಿನ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಅಷ್ಟೇ ಆದರೆ ಚಿಂತೆಯಿರಲಿಲ್ಲ. ಅದರ ರಕ್ತ ಬರುವ ದಾರಿ ತಿರುಗುಮುರುಗು: ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಮುಂಗೈಯ ಕಡೆಗೆ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪಿ ಅದು ಸತ್ತೇಹೋಗಬಹುದು. “ಸಾಮಾನ್ಯವಾಗಿ ಹುಡುಗರು ಮುರಕೊಳ್ಳೋ ಮೂಳೆ ಇದು. ಐವತ್ತು ದಾಟಿದ ನಿಮಗೆ ಇದರ ಮೇಲೆ ಯಾಕೆ ಆಸೆ ಬಂತೋ” ಎಂದು ವೈದ್ಯರು ನಕ್ಕರು. ಮರುದಿನ ಮತ್ತೆ ಎಕ್ಸ್‌ರೇ ತೆಗೆದಾಗ, ಅವರ ಬೆರಳು ಹೇಳಿದ ಜಾಗದಲ್ಲೇ ಬಿರುಕು ಕಂಡಿತು. ಹತ್ತು ವಾರ ಪ್ಲಾಸ್ಟರ್ ಕಟ್ಟಿದರು, ಕೂಡಿಕೊಂಡಿತು.

ಬೆರಳು ಕಂಡದ್ದನ್ನು ಯಂತ್ರ ಕಾಣದೆ ಹೋಯಿತೆಂದು ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೊನೆಗೆ ಬಿರುಕನ್ನು ತೋರಿಸಿದ್ದೂ ಅದೇ. ಆದರೆ ಒಂದು ಮಾತು. ಡಬ್ಲಿನ್ನಿನ ಏಬ್ರಹಾಂ ಕಾಲಿಸ್ ಎಂಬ ಶಸ್ತ್ರವೈದ್ಯ, ಅಂಗೈಯೂರಿ ಬಿದ್ದವರ ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಹೇಗೆ ಮುರಿಯುತ್ತದೆ ಎಂಬುದನ್ನು 1814ರಲ್ಲಿಯೇ ಬರೆದಿಟ್ಟ. ಇಂದಿಗೂ ಆ ಮುರಿತಕ್ಕೆ ಅವನ ಹೆಸರೇ ಇದೆ. ಎಕ್ಸ್‌ರೇ ಬಂದದ್ದು ಅದಾದ 81 ವರ್ಷಕ್ಕೆ. ಜೀವಂತ ಮನುಷ್ಯರ ಮುರಿದ ಮೂಳೆಯನ್ನು ಆತ ಅರಿತದ್ದು ಕಣ್ಣಿನಿಂದ, ಬೆರಳಿನಿಂದ, ಕೇಳಿ ತಿಳಿದುಕೊಂಡದ್ದರಿಂದ. ಇನ್ನು ಎಕ್ಸ್‌ರೇ ಕಂಡುಹಿಡಿದ ರೋಂಟ್‌ಗೆನ್, 1895ರ ಡಿಸೆಂಬರಿನಲ್ಲಿ ತೆಗೆದ ಪ್ರಸಿದ್ಧ ಚಿತ್ರ ಯಾವುದು ಗೊತ್ತೆ? ಅವನ ಹೆಂಡತಿಯ ಕೈ. ಬೆರಳಿನ ಮೂಳೆಗಳು ಕಾಣುತ್ತವೆ, ಬೆರಳಿನಲ್ಲಿದ್ದ ಉಂಗುರವೂ ಕಪ್ಪಗೆ ಕಾಣುತ್ತದೆ. ಆ ಕೈ ಎಂದಾದರೂ ನೋಯುತ್ತಿತ್ತೇ ಎಂಬುದು ಚಿತ್ರದಲ್ಲಿಲ್ಲ.

ಹೆಂಡತಿಯ ಕೈ ಎಂದೆನಲ್ಲ, ಅಲ್ಲಿಗೇ ಬರುತ್ತೇನೆ. ನನ್ನ ಮೂಳೆಯ ವಿಚಾರ ಮುಗಿದ ಆ ಸಂಜೆ ನನ್ನ ಹೆಂಡತಿ ಕಾಫಿ ತಂದಳು. ಲೋಟವನ್ನು ತೆಗೆದುಕೊಳ್ಳುತ್ತ ವೈದ್ಯರು ಆಕೆಯ ಕೈಯನ್ನು ನೋಡಿದರು. ಲೋಟ ಕೆಳಗಿಟ್ಟು, “ಅಂಗೈ ತೋರಿಸಮ್ಮ” ಎಂದರು. ಹೆಬ್ಬೆರಳಿನ ಕೆಳಗೆ ಅಂಗೈ ಉಬ್ಬಿರುತ್ತದಲ್ಲ, ಆ ದಿಣ್ಣೆ ಆಕೆಯ ಬಲಗೈಯಲ್ಲಿ ತಗ್ಗಾಗಿತ್ತು. “ರಾತ್ರಿ ಎಚ್ಚರವಾಗಿ ಕೈ ಒದರಿಕೊಳ್ತೀಯೇನಮ್ಮ?” ಎಂದು ಕೇಳಿದರು. ಆಕೆ ಅವರಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಳು.

ನಾಲ್ಕು ವರ್ಷದಿಂದ ಆಕೆ ಹೇಳುತ್ತಿದ್ದ ಮಾತು ಅದು. “ರಾತ್ರಿ ಕೈ ಜೋಮು ಹಿಡಿಯುತ್ತೆ ರೀ, ನಿದ್ದೆ ಬರೋಲ್ಲ.” ನಾನು ಮಗ್ಗುಲು ಬದಲಿಸಿ, “ಕೈಯನ್ನು ಒತ್ತಿ ಮಲಗಿದ್ದೀಯ, ಸರಿಹೋಗುತ್ತೆ” ಎನ್ನುತ್ತಿದ್ದೆ. ಮೊದಮೊದಲು ಹಾಗೆಂದು ನಂಬಿದ್ದೆ. ಆಮೇಲೆ ಅದು ನನಗೆ ಅಭ್ಯಾಸವಾಯಿತು. ಆಕೆಯೂ ಹೇಳುವುದನ್ನು ಬಿಟ್ಟಳು. ಹೇಳುವುದನ್ನು ಬಿಟ್ಟದ್ದರಿಂದ ವಾಸಿಯಾಯಿತೆಂದು ನಾನು ತಿಳಿದೆ.

ವೈದ್ಯರು ಹಿಂಗೈಗೆ ಹಿಂಗೈ ತಾಗಿಸಿ, ಬೆರಳು ಕೆಳಮುಖವಾಗಿ, ಮಣಿಕಟ್ಟುಗಳನ್ನು ಮಡಿಸಿ ಹಿಡಿಯಲು ಹೇಳಿದರು. ನಮಸ್ಕಾರವನ್ನು ತಲೆಕೆಳಗು ಮಾಡಿದಂತೆ. ಗಡಿಯಾರ ನೋಡುತ್ತ ಕುಳಿತರು. ಅಮೆರಿಕದ ಫೇಲನ್ ಎಂಬ ಶಸ್ತ್ರವೈದ್ಯನ ಹೆಸರಿನ ಪರೀಕ್ಷೆ ಅದು. ಒಂದು ನಿಮಿಷ ಸಾಕು, ಯಾವ ಸಲಕರಣೆಯೂ ಬೇಡ. ನಿಮಿಷ ತುಂಬುವ ಮೊದಲೇ ಬೆರಳುಗಳಲ್ಲಿ ಜುಮ್ಮೆಂದಿತು. “ಯಾವ ಬೆರಳು ಜೋಮು ಹಿಡಿಯೋದಿಲ್ಲ, ಹೇಳಮ್ಮ” ಎಂದರು. ಆಕೆ ಸ್ವಲ್ಪ ಯೋಚಿಸಿ, “ಕಿರುಬೆರಳು. ಉಂಗುರದ ಬೆರಳಿನಲ್ಲಿ ಅರ್ಧ” ಎಂದಳು. ವೈದ್ಯರು ನನ್ನ ಕಡೆ ತಿರುಗಿದರು. “ಕೇಳಿದಿರಾ ಮೇಷ್ಟ್ರೇ? ಅರ್ಧ ಬೆರಳು! ಅನಾಟಮಿ ಪುಸ್ತಕದಲ್ಲಿ ಬರೆದಿರೋದು ಹಾಗೇ. ನಿಮ್ಮ ಹೆಂಡತಿ ಆ ಪುಸ್ತಕ ಓದಿಲ್ಲ.”

ಮಣಿಕಟ್ಟಿನ ಎಂಟು ಮೂಳೆಗಳು ಕಮಾನಿನಂತೆ ಕೂತಿವೆ. ಅದರ ಮೇಲೆ ಗಟ್ಟಿಯಾದ ಪಟ್ಟಿಯೊಂದು ಅಡ್ಡಲಾಗಿ ಬಿಗಿದಿದೆ. ಆ ಸುರಂಗದಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಹುರಿಗಳೂ ಒಂದು ನರವೂ ಹಾದುಹೋಗುತ್ತವೆ. ಬೆರಳಿನೊಳಗೆ ಅದನ್ನು ಮಡಿಸುವ ಮಾಂಸಖಂಡವಿಲ್ಲ ಎಂಬುದು ನನಗೆ ಅಂದು ತಿಳಿಯಿತು. ಮಡಿಸುವ ಬಲವೆಲ್ಲ ಹೆಚ್ಚಾಗಿ ಮುಂಗೈಯದು, ಹುರಿಗಳ ಮೂಲಕ ಬರುವಂಥದು, ಸೂತ್ರದ ಗೊಂಬೆಯ ಹಾಗೆ. ಸುರಂಗದೊಳಗೆ ಸ್ವಲ್ಪ ಬಾವು ಬಂದರೂ ಇಕ್ಕಟ್ಟಿನಲ್ಲಿ ನಲುಗುವುದು ನರ. ಮಲಗಿದಾಗ ಮಣಿಕಟ್ಟು ಮಡಿಸಿಕೊಳ್ಳುವುದರಿಂದ ರಾತ್ರಿ ಹೆಚ್ಚು. ಆ ನರ ಹೆಬ್ಬೆರಳಿನಿಂದ ಉಂಗುರದ ಬೆರಳಿನ ಅರ್ಧದವರೆಗೆ ಸ್ಪರ್ಶಜ್ಞಾನ ಕೊಡುತ್ತದೆ. ಉಳಿದ ಅರ್ಧವೂ ಕಿರುಬೆರಳೂ ಇನ್ನೊಂದು ನರದ ಪಾಲು. ಬಹುಕಾಲ ನಲುಗಿದರೆ ಹೆಬ್ಬೆರಳಿನ ಬುಡದ ಮಾಂಸ ಕರಗುತ್ತದೆ. ಹೆಂಗಸರಿಗೇ ಹೆಚ್ಚಾಗಿ ಬರುವ ಕಾಯಿಲೆ. ಅಂಥ ಬೆರಳಿಗೆ ಗುಂಡಿಯಂಥ ಸಣ್ಣ ವಸ್ತು ಸಿಕ್ಕುವುದಿಲ್ಲ. ನನ್ನ ಅಂಗಿಯ ಗುಂಡಿ!

ಇಪ್ಪತ್ತೆಂಟು ವರ್ಷದ ಹಿಂದೆ ಈ ಕೈಯನ್ನು ನಾನು ಅಗ್ನಿಸಾಕ್ಷಿಯಾಗಿ ಹಿಡಿದಿದ್ದೆ. ಪಾಣಿಗ್ರಹಣ ಎಂಬ ಶಬ್ದದ ವಿಗ್ರಹವಾಕ್ಯ ಕೇಳಿದರೆ ತಕ್ಷಣ ಹೇಳಬಲ್ಲೆ. ಹಿಡಿದ ಕೈಯನ್ನು ಮತ್ತೆ ತಿರುಗಿಸಿ ನೋಡಿರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಲಗೈ ನೋವು ಒಂದು ಕಡೆ, ಈ ಲೆಕ್ಕಾಚಾರ ಒಂದು ಕಡೆ. ನನ್ನ ನೋವನ್ನು ನಂಬಲಿಲ್ಲವೆಂದು ಮೂರು ವಾರ ಲೋಕದ ಮೇಲೆ ಮುನಿಸಿಕೊಂಡಿದ್ದೆ. ನಾಲ್ಕು ವರ್ಷ ನಾನೇ ಮಾಡಿದ್ದೇನು?

ನಮ್ಮ ಹಿಂದಿನ ತಾರ್ಕಿಕರು ಜ್ಞಾನಕ್ಕೆ ಸಾಧನಗಳನ್ನು ಎಣಿಸುವಾಗ ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಹೇಳುತ್ತಾರೆ. ನನ್ನ ನೋವು ನನಗೆ ಪ್ರತ್ಯಕ್ಷ. ಅದಕ್ಕಿಂತ ಪ್ರತ್ಯಕ್ಷವಾದದ್ದು ಇನ್ನಾವುದೂ ಇಲ್ಲ. ಇನ್ನೊಬ್ಬರ ನೋವು ನನಗೆ ಎಂದೂ ಪ್ರತ್ಯಕ್ಷವಾಗದು. ಮುಖದ ಸುಕ್ಕಿನಿಂದ ಊಹಿಸಬೇಕು, ಅಥವಾ ಅವರ ಮಾತನ್ನು ನಂಬಬೇಕು. ಅಂದರೆ ಉಳಿದದ್ದು ಅನುಮಾನ ಮತ್ತು ಶಬ್ದ. ಹೊಗೆಯಿಂದ ಬೆಂಕಿಯನ್ನು ತಿಳಿಯುವ ಒಳ್ಳೆಯ ಸಾಧನಕ್ಕೆ ಇಟ್ಟ ‘ಅನುಮಾನ’ ಎಂಬ ಹೆಸರು, ನಮ್ಮ ಆಡುಮಾತಿನಲ್ಲಿ ಸಂಶಯವೆಂಬ ಅರ್ಥಕ್ಕೆ ಬಂದಿದೆ. ಪರರ ನೋವಿನ ವಿಷಯದಲ್ಲಿ ನಾವು ಬಳಸುವುದು ಹೆಚ್ಚಾಗಿ ಈ ಎರಡನೆಯ ಅನುಮಾನವನ್ನೇ. ನನ್ನ ನೋವಿಗೆ ನಾನು ಸಾಕ್ಷಿ ಕೇಳುವುದಿಲ್ಲ. ನಿಮ್ಮ ನೋವಿಗೆ ಕೇಳುತ್ತೇನೆ. ಇದು ಬುದ್ಧಿವಂತಿಕೆಯೆಂದು ತಿಳಿದಿದ್ದೇವೆ. ನಿಜವಾಗಿ ಇದು ಎರಡು ಬಗೆಯ ತಕ್ಕಡಿ ಇಟ್ಟುಕೊಂಡ ವ್ಯಾಪಾರ.

ಹಾಗಾದರೆ ಹೇಳಿದ್ದನ್ನೆಲ್ಲ ನಂಬಬೇಕೆ? ನಾನು ಮೇಷ್ಟರು, ಪರೀಕ್ಷೆಯ ದಿನವೇ ಹೊಟ್ಟೆನೋವು ಬರುವ ಹುಡುಗರನ್ನು ಕಂಡವನು. ವೈದ್ಯರ ಹತ್ತಿರವೂ ರಜಕ್ಕಾಗಿ, ಪರಿಹಾರದ ಹಣಕ್ಕಾಗಿ ನೋವು ತರುವವರಿದ್ದಾರೆ. ಇದನ್ನು ಒಂದು ದಿನ ಅವರನ್ನೇ ಕೇಳಿದೆ. ಅವರೆಂದರು: “ಸುಳ್ಳು ಹೇಳೋರು ಇದಾರೆ. ಅವರ ಕೈಯನ್ನೂ ಹಿಡಿದೇ ನೋಡಬೇಕು. ನೋಡದೆ ಸುಳ್ಳು ಅಂದರೆ, ಅದು ಪರೀಕ್ಷೆ ಅಲ್ಲ ಮೇಷ್ಟ್ರೇ, ಸೋಮಾರಿತನ.”

ಈ ಮಾತಿನಲ್ಲಿ ನನಗೆ ಬೇಕಾದ ಉತ್ತರ ಸಿಕ್ಕಿತು. ಪರೀಕ್ಷಿಸುವುದರಲ್ಲಿ ಎರಡು ಬಗೆ. ಸಾಕ್ಷಿ ತಂದರೆ ನಂಬುತ್ತೇನೆ ಎಂದು ಕೈಕಟ್ಟಿ ಕೂರುವುದು ಒಂದು. ಹೇಳಿದ ಮಾತನ್ನು ಸದ್ಯಕ್ಕೆ ನಂಬಿ, ಅದು ತೋರಿದ ಕಡೆಗೆ ಹೋಗಿ ಹುಡುಕುವುದು ಇನ್ನೊಂದು. ಮೊದಲನೆಯದರಲ್ಲಿ ಹುಡುಕುವ ಹೊರೆ ನೋಯುವವನ ಮೇಲೆ. ಎರಡನೆಯದರಲ್ಲಿ ನೋಡುವವನ ಮೇಲೆ. ನಾನು ‘ಹೆಬ್ಬೆರಳಿನ ಬುಡ’ ಎಂದದ್ದನ್ನು ನಂಬಿದ್ದರಿಂದ ಅವರ ಬೆರಳು ಆ ಕುಳಿಗೆ ಹೋಯಿತು. ಚಿತ್ರದಲ್ಲಿ ಏನೂ ಇಲ್ಲ ಎಂಬುದನ್ನು ಅವರು ಅಲ್ಲಗಳೆಯಲಿಲ್ಲ. ಚಿತ್ರ ಮೌನವಾಗಿದ್ದರೆ ರೋಗಿ ಸುಳ್ಳ ಎಂದೂ ಅರ್ಥ ಮಾಡಲಿಲ್ಲ.

ಮುಟ್ಟುವುದರ ಮಹತ್ವಕ್ಕೆ ಅವರು ಇನ್ನೊಂದು ಸಂಗತಿ ಹೇಳಿದರು. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠರೋಗಿಗಳ ಆಸ್ಪತ್ರೆಗೆ ಹೋದಾಗ ಅಲ್ಲಿ ಬೆರಳು ಮುರುಟಿಕೊಂಡ ನೂರಾರು ಕೈಗಳನ್ನು ಕಂಡರು. ಒಬ್ಬ ರೋಗಿಯ ಕೈಯೊಳಗೆ ತಮ್ಮ ಕೈಯಿಟ್ಟು, ಅದುಮು ಎಂದರು. ಸತ್ತುಹೋಗಿದೆಯೆಂದು ಎಲ್ಲರೂ ತಿಳಿದಿದ್ದ ಆ ಕೈ ಅವರ ಕೈಯನ್ನು ನೋಯುವಷ್ಟು ಬಲವಾಗಿ ಹಿಡಿಯಿತು. ಬಲವಿದೆ, ಅದನ್ನು ಬಳಸಬಹುದು ಎಂದು ಅವರಿಗೆ ಹೊಳೆಯಿತು. ಸರಿಯಿರುವ ಸ್ನಾಯುವಿನ ಹುರಿಯನ್ನು ಬೇರೆಡೆಗೆ ತಿರುಗಿಸಿ ಮುರುಟಿದ ಬೆರಳುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಆ ಬೆರಳುಗಳು ಸವೆದುಹೋಗುತ್ತಿದ್ದುದು ಮಾಂಸ ತಾನಾಗಿ ಕೊಳೆತಲ್ಲ, ನೋವು ತಿಳಿಯದೆ ಸುಟ್ಟುಕೊಂಡು ಗಾಯ ಮಾಡಿಕೊಂಡದ್ದರಿಂದ ಎಂಬುದನ್ನೂ ಅವರು ತೋರಿಸಿಕೊಟ್ಟರು. ಊರು ಮುಟ್ಟಲು ಹೆದರಿದ ಕೈ ಅದು. ಮುಟ್ಟದಿದ್ದರೆ ಅದರ ಬಲವೂ ತಿಳಿಯುತ್ತಿರಲಿಲ್ಲ.

ಕಣ್ಣಿಗೆ ದೂರ ಬೇಕು. ನೋಡುವವನಿಗೆ ನೋಡಿಸಿಕೊಂಡವನಿಂದ ಏನೂ ಆಗುವುದಿಲ್ಲ. ಕೈಯ ರೀತಿ ಹಾಗಲ್ಲ. ಮುಟ್ಟಿದ ಕೈಯೂ ಮುಟ್ಟಿಸಿಕೊಳ್ಳುತ್ತದೆ. ಒಬ್ಬರ ಕೈಯನ್ನು ತಿಳಿಯಬೇಕಾದರೆ ನಮ್ಮ ಕೈಯನ್ನು ಕೊಡಬೇಕು. ಒಳ್ಳೆಯ ವೈದ್ಯರಿಗೆ ಕೈಗುಣ ಇದೆ ಎನ್ನುತ್ತಾರೆ ನಮ್ಮ ಜನ. ಅದೇನೋ ಮಂತ್ರವೆಂದು ನಾನು ತಿಳಿದಿದ್ದೆ. ಮುಟ್ಟಿ ನೋಡುವಷ್ಟು ವ್ಯವಧಾನ, ಮುಟ್ಟುವಾಗ ಮುಖದ ಮೇಲೆ ಕಣ್ಣು, ನೋಯುವ ಜಾಗಕ್ಕೆ ಕೊನೆಯ ಸರದಿ: ಇಷ್ಟೇ ಇರಬಹುದು ಅದು. ಇಷ್ಟಕ್ಕೆ ವೈದ್ಯನೇ ಆಗಬೇಕೆಂದಿಲ್ಲ.

ನನ್ನ ಪ್ಲಾಸ್ಟರ್ ಬಿಚ್ಚಿದ ಮೇಲೆ ಆಕೆಯ ಶಸ್ತ್ರಚಿಕಿತ್ಸೆಯಾಯಿತು. ಕೈ ಮಾತ್ರ ಮರಗಟ್ಟಿಸಿ, ಸುರಂಗದ ಮೇಲಿನ ಪಟ್ಟಿಯನ್ನು ಬಿಡಿಸಿದರು. ಅದೇ ದಿನ ಮನೆಗೆ ಬಂದೆವು. ಕೆಲವೇ ದಿನದಲ್ಲಿ ಆಕೆಗೆ ರಾತ್ರಿಯೆಲ್ಲ ನಿದ್ದೆ ಬಂತು. ಬೆರಳಿನ ಜೋಮು ಮೆಲ್ಲಮೆಲ್ಲನೆ ಇಳಿಯಿತು. ಆದರೆ ಹೆಬ್ಬೆರಳಿನ ಬುಡದ ದಿಣ್ಣೆ ಮತ್ತೆ ಪೂರ್ತಿ ತುಂಬಿಕೊಳ್ಳಲಿಲ್ಲ. “ಎರಡು ಮೂರು ವರ್ಷ ಮೊದಲೇ ಬಂದಿದ್ದರೆ” ಎಂದು ಶಸ್ತ್ರವೈದ್ಯರು ಅರ್ಧಕ್ಕೆ ನಿಲ್ಲಿಸಿದರು. ಆಕೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತೆಂದು ನನಗನ್ನಿಸಿತು. ತಡವಾಗಿ ನಂಬಿದ್ದಕ್ಕೂ ಫಲವಿದೆ. ಆದರೆ ಹೋದದ್ದೆಲ್ಲ ಹಿಂದಕ್ಕೆ ಬರುವುದಿಲ್ಲ.

ಈಗ ರಾತ್ರಿ ಆಕೆ ಮಿಸುಕಿದರೆ ನನಗೆ ಎಚ್ಚರವಾಗುತ್ತದೆ. “ಏನು?” ಎನ್ನುತ್ತೇನೆ. “ಏನೂ ಇಲ್ಲ, ಮಲಗಿ” ಎನ್ನುತ್ತಾಳೆ. ಹೆಚ್ಚಿನ ದಿನ ಅದು ನಿಜವೇ. ಆದರೂ ದೀಪ ಹಾಕಿ, ಕೈ ಹಿಡಿದು ಒಮ್ಮೆ ನೋಡುತ್ತೇನೆ.